ಕೆಮ್ಮು ಬಂದ್ರ ಹೇಳ್ರಿ

ನಮ್ಮೂರಲ್ಲಿ ಕೆಮ್ಮಿಗೂ ಒಂದು ಅರ್ಥ ಇರುತ್ತೆ. ಹಿರಿಯರು ಮನೆಯೊಳಗೆ ಬರೋ ಮುಂಚೆ ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮುತ್ತಾರೆ, ಒಳಗಿರೋ ಸೊಸೆ ತಲೆ ಮೇಲೆ ಸೆರಗು ಎಳೆದುಕೊಳ್ಳಲಿ ಅಂತ. ರಾತ್ರಿ ಕರೆಂಟ್ ಬಂದಾಗ ಕಬ್ಬಿಗೆ ನೀರು ಬಿಡೋಕೆ ಹೋದವರು ಕತ್ತಲಲ್ಲಿ ಎದುರಿಗೆ ಯಾರೋ ಬರೋದು ಗೊತ್ತಾದ್ರೆ ಕೆಮ್ಮುತ್ತಾರೆ, ‘ನಾನೇ, ಹೆದರಬೇಡ’ ಅಂತ. ಕಟ್ಟೆ ಮೇಲೆ ಒಬ್ಬ ಸುಳ್ಳು ಹೇಳೋಕೆ ಶುರು ಮಾಡಿದ್ರೆ ಪಕ್ಕದಲ್ಲಿ ಕೂತವನು ಕೆಮ್ಮುತ್ತಾನೆ. ಅದು ಏನು ಅಂತ ಎಲ್ಲರಿಗೂ ಗೊತ್ತು.

ಅಪ್ಪನ ಕೆಮ್ಮು ನನಗೆ ಚಿಕ್ಕಂದಿನಿಂದ ಪರಿಚಯ. ಓದೋದು ಬಿಟ್ಟು ಟಿ.ವಿ. ಮುಂದೆ ಕೂತಾಗ ಹಿತ್ತಲಿಂದ ಆ ಕೆಮ್ಮು ಕೇಳಿದ್ರೆ ಸಾಕು, ಪುಸ್ತಕ ತಾನಾಗಿ ಕೈಗೆ ಬರ್ತಿತ್ತು. ಹೀಗೆ ಆಯುಷ್ಯವಿಡೀ ಬೇರೆಯವರಿಗೆ ತಿಳಿಸೋಕೆ ಕೆಮ್ಮಿದ ಮನುಷ್ಯ, ತನ್ನ ಸಲುವಾಗಿ ಕೆಮ್ಮಬೇಕಾದ ದಿನ ಕೆಮ್ಮಲಿಲ್ಲ. ಅದರಲ್ಲಿ ನನ್ನ ಪಾಲೂ ಇತ್ತು. ಬರೀಬೇಕು, ಬರೀಬೇಕು ಅಂತ ಅಂದ್ಕೊಂಡು ಮುಂದೂಡ್ತಾ ಬಂದಿದ್ದೆ.

ನಮ್ಮೂರು ತುಕ್ಕಾನಟ್ಟಿ. ಮೊದಲು ಗೋಕಾಕ ತಾಲೂಕು, ಈಗ ಮೂಡಲಗಿ. ಬೆಂಗಳೂರಿನ ಗೆಳೆಯರಿಗೆ ‘ಗೋಕಾಕ ಫಾಲ್ಸ್ ಕಡೆ’ ಅಂತ ಹೇಳಿ ಮುಗಿಸ್ತೀನಿ, ಅವರಿಗೆ ಕರದಂಟು ನೆನಪಾಗುತ್ತೆ. ಬೆಳಗಾವಿ ಜಿಲ್ಲೆಯ ರೈತರಿಗೆ ಮಾತ್ರ ನಮ್ಮೂರು ಗೊತ್ತಿರೋದು ಕೃಷಿ ವಿಜ್ಞಾನ ಕೇಂದ್ರದಿಂದ. ಅಪ್ಪನಿಗೆ ಅದು ಎರಡನೇ ಮನೆ ಇದ್ದ ಹಾಗೆ. ಕಬ್ಬಿನ ಎಲೆ ಹಳದಿ ತಿರುಗಿದ್ರೆ, ಜಲ್ಲೆ ಸೀಳಿದಾಗ ಒಳಗೆ ಕೆಂಪಗೆ ಕಂಡು ಹುಳಿ ವಾಸನೆ ಬಂದ್ರೆ, ಅವತ್ತೇ ಕಿತ್ಕೊಂಡು ಹೋಗಿ ಅಲ್ಲಿನವರ ಟೇಬಲ್ ಮೇಲೆ ಇಟ್ಟುಬಿಡ್ತಾನೆ. “ನೋಡ್ರಿ ಸಾಹೇಬ್ರ, ಇದಕ್ಕೇನೋ ಆಗೈತಿ.” ನಾಚಿಕೆ ಇಲ್ಲ, ಸಂಕೋಚ ಇಲ್ಲ. ಒಂದು ವಾರ ತಡ ಮಾಡಿದ್ರೆ ಇಡೀ ಹೊಲಕ್ಕೆ ಹಬ್ಬುತ್ತೆ ಅಂತ ಅವನಿಗೆ ಗೊತ್ತು.

ಅದೇ ಅಪ್ಪ ಎರಡೂವರೆ ತಿಂಗಳು ತನ್ನ ಕೆಮ್ಮನ್ನು ಯಾರಿಗೂ ತೋರಿಸಲಿಲ್ಲ. ದೀಪಾವಳಿ ಮುಗಿದು ಕಬ್ಬು ಕಡಿಯೋ ಸುಗ್ಗಿ ಶುರುವಾಗಿತ್ತು. ಕಡಿಯೋ ಗ್ಯಾಂಗು ಸಿಗೋದೇ ಕಷ್ಟ, ಸಿಕ್ಕಾಗ ಬಿಟ್ಟು ಹೋಗೋಕಾಗಲ್ಲ. ಎಲ್ಲ ಕಡೆ ರವದಿ ಸುಡೋ ಹೊಗೆ. ಕೆಮ್ಮು ಬಂದ್ರೆ ‘ಹೊಗಿ ಕುಡದೀನಿ’ ಅಂತಿದ್ದನಂತೆ. ಸಂಜೆ ಮೈ ಬಿಸಿಯಾದ್ರೆ ‘ಬಿಸಲಾಗ ನಿಂತಿದ್ದೆ’ ಅಂತಿದ್ದನಂತೆ. ನಾನು ವಾರಕ್ಕೆರಡು ಸಲ ಫೋನ್ ಮಾಡ್ತಿದ್ದೆ. ಮಾತಿನ ನಡುವೆ “ತಡಿ, ಅವ್ವನ ಕೈಯಾಗ ಕೊಡ್ತೀನಿ” ಅಂದು ಹೊರಗೆ ಹೋಗ್ತಿದ್ದ. ಆಮೇಲೆ ಗೊತ್ತಾಯ್ತು, ಹೋಗ್ತಿದ್ದದ್ದು ಕೆಮ್ಮೋಕೆ. ನಾವು ಮೀಟಿಂಗ್‌ನಲ್ಲಿ ಮೈಕ್ ಮ್ಯೂಟ್ ಮಾಡ್ತೀವಲ್ಲ, ಅದೇ ಥರ.

ಕೊನೆಗೆ ಒಂದು ಬೆಳಿಗ್ಗೆ ಅವ್ವನೇ ಫೋನ್ ಮಾಡಿದಳು. “ನಿಮ್ಮಪ್ಪ ಮಲಗಾಕ ಆಗವಲ್ತು ಅಂತ ಕುಂತ ನಿದ್ದಿ ಮಾಡಾಕತ್ತಾನೋ. ಮೂರ ಮೆಟ್ಟಲಾ ಹತ್ತಿದ್ರ ತೇಕ್ತಾನ.” ಗೋಕಾಕದಲ್ಲಿ ಎಕ್ಸ್‌ರೇ ತೆಗೆಸಿದ್ರೆ ಎದೆಯ ಬಲಭಾಗ ಅರ್ಧಕ್ಕಿಂತ ಮೇಲೆ ಬೆಳ್ಳಗೆ. ಗಾಳಿ ಇರಬೇಕಾದ ಕಡೆ ಕಪ್ಪಗೆ ಕಾಣಬೇಕು. ಬೆಳಗಾವಿಗೆ ಕರ್ಕೊಂಡು ಹೋಗಿ ಅಂದ್ರು. ನಾನು ರಾತ್ರಿ ಬಸ್ ಹತ್ತಿದೆ.

ಇಲ್ಲಿ ಸ್ವಲ್ಪ ಶರೀರದ ವಿಷಯ ಹೇಳಬೇಕು, ಇಲ್ಲದಿದ್ರೆ ಮುಂದಿನದು ಅರ್ಥ ಆಗಲ್ಲ.

ನಮ್ಮ ಶ್ವಾಸಕೋಶದ ಮೇಲೆ ತೆಳ್ಳನೆಯ ಒಂದು ಪೊರೆ ಇದೆ. ಪಕ್ಕೆಲುಬಿನ ಒಳಗೋಡೆಗೆ ಇನ್ನೊಂದು. ಎರಡರ ನಡುವೆ ಒಂದೆರಡು ಚಮಚದಷ್ಟು ದ್ರವ ಇರುತ್ತೆ, ಉಸಿರಾಡುವಾಗ ಎರಡೂ ಜಾರಲಿ ಅಂತ, ಗಾಡಿಯ ಅಚ್ಚಿಗೆ ಎಣ್ಣೆ ಹಾಕಿದ ಹಾಗೆ. ಸೋಂಕು, ಹೃದಯದ ತೊಂದರೆ, ಕ್ಯಾನ್ಸರ್, ಹೀಗೆ ಹಲವು ಕಾರಣಕ್ಕೆ ಅಲ್ಲಿ ನೀರು ತುಂಬುತ್ತೆ. ನಮ್ಮ ದೇಶದಲ್ಲಿ ಅದಕ್ಕೆ ಬಹಳ ಸಾಮಾನ್ಯ ಕಾರಣಗಳಲ್ಲಿ ಒಂದು ಕ್ಷಯ. ಒಂದು ಲೀಟರ್, ಎರಡು ಲೀಟರ್ ಕೂಡ ತುಂಬಬಹುದು. ಎದೆಗೂಡು ಹಿಗ್ಗೋದು ಸ್ವಲ್ಪವೇ ಆದ್ದರಿಂದ ಒಳಗಿನ ಶ್ವಾಸಕೋಶವೇ ಕುಗ್ಗಿ ಮುದುಡಿಕೊಳ್ಳುತ್ತೆ.

ನೀರು ತೆಗೆಯೋ ಕ್ರಮ ನೋಡೋಕೆ ಸರಳ. ರೋಗಿಯನ್ನು ಮಂಚದ ಅಂಚಿಗೆ ಕೂರಿಸಿ, ಮುಂದೆ ಟೇಬಲ್ ಮೇಲೆ ದಿಂಬಿಟ್ಟು ಅದರ ಮೇಲೆ ಬಾಗಿಸ್ತಾರೆ. ಬೆನ್ನ ಮೇಲೆ ಅಲ್ಟ್ರಾಸೌಂಡ್ ಇಟ್ಟು ನೀರು ಎಲ್ಲಿದೆ ಅಂತ ನೋಡಿ ಗುರುತು ಮಾಡ್ತಾರೆ. ಮರಗಟ್ಟೋ ಇಂಜೆಕ್ಷನ್ ಕೊಟ್ಟು, ಪಕ್ಕೆಲುಬಿನ ಮೇಲಂಚಿಗೆ ಸವರಿದ ಹಾಗೆ ಸೂಜಿ ಹಾಕ್ತಾರೆ. ಕೆಳಅಂಚಿನಲ್ಲಿ ರಕ್ತನಾಳ, ನರ ಹಾದು ಹೋಗಿರುತ್ತೆ, ಅದಕ್ಕೆ. ಸೂಜಿ ಒಳಗಿದ್ದಾಗ ರೋಗಿ ಜೋರಾಗಿ ಕೆಮ್ಮಿದ್ರೆ ತುದಿ ಶ್ವಾಸಕೋಶಕ್ಕೆ ತಾಗಿ ತೂತಾಗೋ ಅಪಾಯ. ಅದಕ್ಕೇ ‘ಕೆಮ್ಮಬೇಡಿ’ ಅಂತಾರೆ.

ಆದರೆ ಕೆಮ್ಮು ಬರೋದೂ ಇದೇ ಕೆಲಸದಿಂದಲೇ. ನೀರು ಹೊರಗೆ ಹೋದ ಹಾಗೆ, ವಾರಗಟ್ಟಲೆ ಮುದುಡಿ ಕೂತಿದ್ದ ಶ್ವಾಸಕೋಶ ಮತ್ತೆ ಅರಳುತ್ತೆ. ಅರಳುವಾಗ ಕೆಮ್ಮು ಬರುತ್ತೆ. ಸ್ವಲ್ಪ ಕೆಮ್ಮು ಒಳ್ಳೇ ಲಕ್ಷಣವೇ. ಆದರೆ ಎದೆ ಬಿಗಿದು ಬಿಡದೆ ಕೆಮ್ಮು ಒತ್ತಿ ಬಂದ್ರೆ, ನೀರು ತೆಗೆಯೋದು ನಿಲ್ಲಿಸಬೇಕು ಅಂತ ಅರ್ಥ. ಬಹಳ ವೇಗವಾಗಿ, ಬಹಳ ಹೆಚ್ಚು ತೆಗೆದ್ರೆ ಅಪರೂಪಕ್ಕೆ ಅರಳಿದ ಶ್ವಾಸಕೋಶದ ಒಳಗೇ ನೀರಾಡಬಹುದು, ಜೀವಕ್ಕೂ ಕುತ್ತಾಗಬಹುದು. ಒಂದು ಸಲಕ್ಕೆ ಸುಮಾರು ಒಂದೂವರೆ ಲೀಟರ್ ದಾಟಬಾರದು ಅನ್ನೋ ಲೆಕ್ಕ ಬಂದಿದ್ದು ಈ ಭಯದಿಂದ.

ಅಂದ್ರೆ ಡಾಕ್ಟರು ರೋಗಿಗೆ ಎರಡು ಮಾತು ಹೇಳಬೇಕು. ಕೆಮ್ಮಬೇಡ. ಕೆಮ್ಮು ಬರೋ ಹಾಗಿದ್ರೆ ಹೇಳು. ಎರಡೂ ಸೇರಿದ್ರೇನೇ ಅದು ಪೂರ್ತಿ ಮಾತು.

ಅಪ್ಪನಿಗೆ ಕಿವಿ ಸ್ವಲ್ಪ ಮಂದ ಅಂತ ನನ್ನನ್ನೂ ಒಳಗೆ ಬಿಟ್ಟರು. ಡಾಕ್ಟರು ನನಗಿಂತ ಚಿಕ್ಕವರು, ಧಾರವಾಡದ ಕಡೆಯ ಮಾತು. “ಕಾಕಾರ, ಸೂಜಿ ಒಳಗಿದ್ದಾಗ ಅಳ್ಳಾಡಬ್ಯಾಡ್ರಿ, ಕೆಮ್ಮಬ್ಯಾಡ್ರಿ. ಕೆಮ್ಮು ಬಂದ್ರ, ಎದಿ ಹಿಡದಂಗ ಆದ್ರ, ಮೊದಲ ಹೇಳ್ರಿ, ನಿಲ್ಲಸ್ತೀನಿ.” ಅಪ್ಪ ನನ್ನ ಮುಖ ನೋಡಿದ. ನಾನು ಅವನ ಕಿವಿಗೆ ಬಾಗಿ ಹೇಳಿದೆ: “ಅಪ್ಪಾ, ಅಳ್ಳಾಡಬ್ಯಾಡ, ಕೆಮ್ಮಬ್ಯಾಡ.”

ಅಷ್ಟೇ ಹೇಳಿದೆ. ಎರಡನೇ ಮಾತು ಬಿಟ್ಟುಬಿಟ್ಟೆ. ಯಾಕೆ ಬಿಟ್ಟೆ? ಬೇಕಂತ ಅಲ್ಲ. ಅವಸರದಲ್ಲಿ ಮುಖ್ಯವಾದದ್ದು ಅಪ್ಪಣೆ, ಉಳಿದದ್ದು ಉಪಚಾರ ಅಂತ ನನ್ನ ತಲೆ ತಾನೇ ತೀರ್ಮಾನ ಮಾಡ್ತು ಅನ್ಸತ್ತೆ.

ಹುಲ್ಲಿನ ಬಣ್ಣದ ನೀರು ನಳಿಕೆಯಲ್ಲಿ ಇಳಿದು ಚೀಲ ತುಂಬ್ತಾ ಇತ್ತು. ಮುನ್ನೂರು, ಐನೂರು, ಎಂಟುನೂರು. ಅಪ್ಪ ದಿಂಬಿಗೆ ಮುಖ ಒತ್ತಿ ಕೂತಿದ್ದ. ಸಾವಿರ ದಾಟಿದಾಗ ಅವನ ಕೈ ದಿಂಬಿನ ಮೂಲೆಯನ್ನು ಮುದ್ದೆ ಮಾಡಿ ಹಿಡಿದಿದ್ದು ನೋಡಿದೆ. ಕುತ್ತಿಗೆ ಮೇಲೆ ಬೆವರು. ಭುಜ ಒಂದೆರಡು ಸಲ ಒಳಗೊಳಗೇ ಎಗರಿದ ಹಾಗೆ ಆಯ್ತು. ಡಾಕ್ಟರು “ಆರಾಮ ಅದೀರೇನ್ರಿ?” ಅಂತ ಕೇಳಿದ್ರು. ಅಪ್ಪ ತಲೆ ಆಡಿಸಿದ. ನಾನು ಬೆನ್ನು ಸವರಿ “ಇನ್ನೊಂಚೂರ ತಡಕೋ ಅಪ್ಪಾ” ಅಂದೆ. ಸಿಸ್ಟರ್ ನಕ್ಕು “ಕಾಕಾ ಭಾಳ ಗಟ್ಟಿ ಅದಾರ” ಅಂದ್ರು. ನಿಜ ಹೇಳ್ತೀನಿ, ಆ ಕ್ಷಣ ನನಗೆ ಹೆಮ್ಮೆ ಆಯ್ತು.

ಸಾವಿರದ ಇನ್ನೂರಕ್ಕೆ ತಡೆದಿದ್ದೆಲ್ಲ ಒಟ್ಟಿಗೆ ಬಂತು. ಡಾಕ್ಟರು ತಕ್ಷಣ ಮುಚ್ಚಿ ಸೂಜಿ ಹೊರಗೆ ತೆಗೆದ್ರು. ಅಪ್ಪ ಐದು ನಿಮಿಷ ಬಿಡುವಿಲ್ಲದೆ ಕೆಮ್ಮಿದ. ತುಟಿ ಬಣ್ಣ ಬದಲಾಯ್ತು. ಬೆರಳಿಗೆ ಹಾಕಿದ ಮೀಟರ್‌ನಲ್ಲಿ 88. ಆಕ್ಸಿಜನ್ ಹಾಕಿ, ಮತ್ತೆ ಎಕ್ಸ್‌ರೇ ತೆಗೆದು, ಆ ರಾತ್ರಿ ಕಣ್ಣಿಟ್ಟು ನೋಡ್ಕೊಂಡ್ರು. ದೇವರು ದೊಡ್ಡವನು, ಬೆಳಗಾಗೋ ಹೊತ್ತಿಗೆ ಎಲ್ಲ ಸರಿ ಹೋಯ್ತು. ಶ್ವಾಸಕೋಶಕ್ಕೆ ತೂತಾಗಿರಲಿಲ್ಲ.

ರಾತ್ರಿ ಹತ್ತರ ಸುಮಾರಿಗೆ ಡಾಕ್ಟರು ಬಂದು ಅಪ್ಪನ ಪಕ್ಕ ಕೂತು ಕೇಳಿದ್ರು. “ಕಾಕಾರ, ಕೆಮ್ಮು ಬರಾಕತ್ತಿದ್ದು ಮೊದಲ ಗೊತ್ತಾಗಿತ್ತಿಲ್ಲೋ? ಯಾಕ ಹೇಳಲಿಲ್ಲ?” ಅಪ್ಪ ಆಕ್ಸಿಜನ್ ಮಾಸ್ಕ್ ಸರಿಸಿ, ಅವರ ಕಡೆ ಅಲ್ಲ, ನನ್ನ ಕಡೆ ನೋಡಿ ಅಂದ: “ನೀನ ಹೇಳಿದ್ಯಲ್ಲೋ ತಮ್ಮಾ, ಕೆಮ್ಮಬ್ಯಾಡ ಅಂತ.”

ದೂರು ಹೇಳೋ ಧ್ವನಿ ಅಲ್ಲ ಅದು. ಒಪ್ಪಿಸಿದ ಕೆಲಸ ಕೈಲಾದಷ್ಟು ಮಾಡಿದೆ ಅನ್ನೋ ಧ್ವನಿ. ಅದಕ್ಕೇ ಇನ್ನೂ ಚುಚ್ಚುತ್ತೆ.

ಆ ರಾತ್ರಿಯಿಂದ ನನ್ನನ್ನು ಬಿಡದ ಪ್ರಶ್ನೆ ಇದು: ತಡ್ಕೊಳ್ಳೋದು ಒಳ್ಳೇ ಗುಣ ಹೌದೋ ಅಲ್ಲವೋ?

ನಾವು ಬೆಳೆದಿದ್ದೇ ‘ತಾಳಿದವನು ಬಾಳಿಯಾನು’ ಅನ್ನೋ ಗಾದೆ ಕೇಳ್ತಾ. ನಮ್ಮ ಅವ್ವಂದಿರನ್ನ ಊರು ಹೊಗಳೋದು ಅವರು ಎಷ್ಟು ತಡ್ಕೊಂಡ್ರು ಅನ್ನೋದಕ್ಕೆ. ಆಫೀಸಲ್ಲಿ ಅಪ್ರೈಸಲ್ ಬರೆಯುವಾಗ ನಾವು ಹೊಗಳೋದೂ ಅದನ್ನೇ. ಎಂಥಾ ಒತ್ತಡ ಬಂದ್ರೂ ಮುಖ ಬಾಡಲ್ಲ, ಗೊಣಗಲ್ಲ. ಭಾಷೆ ಬೇರೆ, ಗುಣ ಅದೇ.

ಕೆಮ್ಮು ಈ ವಿಷಯದಲ್ಲಿ ವಿಚಿತ್ರ ವಸ್ತು. ಎದೆಬಡಿತ ನಮ್ಮ ಮಾತು ಕೇಳಲ್ಲ, ಅದಕ್ಕೆ ಯಾರೂ ‘ನಿಲ್ಲಿಸು’ ಅನ್ನಲ್ಲ. ಕೈ ನಮ್ಮ ಮಾತು ಪೂರ್ತಿ ಕೇಳುತ್ತೆ. ಕೆಮ್ಮು ನಡುವೆ ಇದೆ. ಸ್ವಲ್ಪ ಹೊತ್ತು ಮಾತು ಕೇಳುತ್ತೆ, ಆಮೇಲೆ ಕೇಳಲ್ಲ. ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮ್ ಸಾಮ್ರಾಜ್ಯದಲ್ಲಿ ಗುಲಾಮನಾಗಿದ್ದು ಆಮೇಲೆ ತತ್ತ್ವಜ್ಞಾನಿಯಾದ ಎಪಿಕ್ಟೆಟಸ್, ಜಗತ್ತನ್ನು ಎರಡು ಭಾಗ ಮಾಡಿದ: ನಮ್ಮ ಕೈಯಲ್ಲಿರೋದು, ನಮ್ಮ ಕೈಯಲ್ಲಿಲ್ಲದ್ದು. ಮೊದಲನೆಯದಕ್ಕೆ ಮಾತ್ರ ತಲೆ ಕೆಡಿಸಿಕೋ ಅಂದ. ಈಗ ಅವನ ಪುಸ್ತಕಗಳಿಗೆ ನಮ್ಮಂಥವರಲ್ಲಿ ಬಹಳ ಬೇಡಿಕೆ. ನನ್ನ ಮೇಜಿನ ಮೇಲೂ ಒಂದಿದೆ. ಆದರೆ ಅವನು ಶರೀರವನ್ನು ‘ನಮ್ಮ ಕೈಯಲ್ಲಿಲ್ಲದ್ದು’ ಅನ್ನೋ ಪಟ್ಟಿಗೆ ಸೇರಿಸಿ ಮುಂದೆ ಹೋದ. ಅಪ್ಪ ಅವತ್ತು ಕೂತಿದ್ದು ಆ ಎರಡು ಪಟ್ಟಿಗಳ ಗಡಿ ಮೇಲೆ. ಅರ್ಧ ಕೈಯಲ್ಲಿರೋದನ್ನ ಪೂರ್ತಿ ಕೈಯಲ್ಲಿರೋ ಹಾಗೆ ತೋರಿಸಬೇಕು ಅನ್ನೋದೇ ಮರ್ಯಾದೆ ಅಂತ ನಂಬಿ ಕೂತಿದ್ದ.

ಮೂರು ಜನರನ್ನು ಕಟಕಟೆಯಲ್ಲಿ ನಿಲ್ಲಿಸಿ ನೋಡಿದೆ.

ಅಪ್ಪನ ತಪ್ಪೇ? ತಡೆಯೋಕಾಗದ್ದನ್ನ ತಡೆಯೋಕೆ ಹೋದ, ಹೌದು. ಆದರೆ ಅವನಿಗೆ ಸಿಕ್ಕ ಮಾಹಿತಿ ಒಂದೇ ಸಾಲು. ಆ ಸಾಲಿಗೆ ಅವನು ಪ್ರಾಮಾಣಿಕನಾಗಿದ್ದ. ಮಾತು ಪಾಲಿಸಿದವನನ್ನು ಬೈಯೋಕೆ ಬರಲ್ಲ.

ಡಾಕ್ಟರ ತಪ್ಪೇ? ಅವರು ಎರಡೂ ಮಾತು ಹೇಳಿದ್ರು. ನಡುವೆ ಕೇಳಿದ್ರು ಕೂಡ. ಆದರೆ ‘ಆರಾಮ ಅದೀರೇನ್ರಿ’ ಅಂತ ಕೇಳಿದ್ರೆ ನಮ್ಮ ಕಡೆಯವರು ಸಾಯೋ ಹೊತ್ತಲ್ಲೂ ‘ಆರಾಮ್ರಿ’ ಅಂತಾರೆ. ಅದು ಪ್ರಶ್ನೆ ಅಲ್ಲ, ನಮಸ್ಕಾರದ ಇನ್ನೊಂದು ರೂಪ. ‘ಎದಿ ಬಿಗದಾವೇನ್ರಿ? ಕೆಮ್ಮು ಒತ್ತಾಕತ್ತೈತೇನ್ರಿ?’ ಅಂತ ಕೇಳಿದ್ದರೆ ಬೇರೆ ಉತ್ತರ ಬರ್ತಿತ್ತೋ ಏನೋ.

ಇನ್ನು ನಾನು. ಓದಿದವನು, ಎರಡೂ ಮಾತು ಸರಿಯಾಗಿ ಕೇಳಿಸಿಕೊಂಡವನು. ಅಪ್ಪಣೆಯನ್ನು ದಾಟಿಸಿದೆ, ಅನುಮತಿಯನ್ನು ದಾಟಿಸಲಿಲ್ಲ. ಅವನ ಭುಜ ಎಗರಿದ್ದು ಆ ಕೋಣೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಂಡಿದ್ದು ನನಗೆ. ಆದರೂ ‘ತಡಕೋ’ ಅಂದೆ. ಅವನ ಸಲುವಾಗಿ ಅಂದೆ ಅಂತ ಬಹಳ ದಿನ ನಂಬಿದ್ದೆ. ಈಗ ಅನುಮಾನ ಇದೆ. ಬೇಗ ಮುಗಿದ್ರೆ ಸಾಕು ಅನ್ನೋ ನನ್ನ ಹೆದರಿಕೆಗೆ ಅವನು ತಡ್ಕೊಳ್ಳೋದು ಅನುಕೂಲವಾಗಿತ್ತು. ಇನ್ನೊಬ್ಬರ ಸಹನೆಯನ್ನು ನಾವು ಹೊಗಳುವಾಗ ಎಷ್ಟೋ ಸಲ ಹೊಗಳೋದು ನಮಗೆ ಸಿಕ್ಕ ಬಿಡುವನ್ನ.

ಆಮೇಲೆ ಈ ವಿಷಯ ಓದ್ತಾ ಹೋದಾಗ ಒಂದು ಅಧ್ಯಯನ ಸಿಕ್ತು. ನೀರು ತೆಗೆಯುವಾಗ ಎದೆಯೊಳಗಿನ ಒತ್ತಡವನ್ನು ಅಳೆಯೋ ಉಪಕರಣ ಇದೆ. ಒತ್ತಡ ಇಷ್ಟಕ್ಕಿಳಿದ್ರೆ ನಿಲ್ಲಿಸಿ ಅಂತ ಅದು ತೋರಿಸುತ್ತೆ. ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ರೋಗಿಗಳನ್ನು ಎರಡು ಗುಂಪು ಮಾಡಿದ್ರು. ಒಂದು ಗುಂಪಿಗೆ ಉಪಕರಣ ನೋಡ್ತಾ, ಇನ್ನೊಂದು ಗುಂಪಿಗೆ ರೋಗಿಗೆ ಏನನ್ನಿಸುತ್ತೆ ಅನ್ನೋದನ್ನು ಮಾತ್ರ ನೋಡ್ತಾ ನೀರು ತೆಗೆದ್ರು. 2019ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಎದೆಯ ಸಂಕಟದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಎಂಜಿನಿಯರ್ ಆದ ನನಗೆ ಇದು ಬಡಿದ ಹಾಗಾಯ್ತು. ರೋಗಿಯ ಮಾತೇ ಮೀಟರ್. ಬೇರೆ ಮೀಟರ್ ತಂದ್ರೂ ಅದಕ್ಕಿಂತ ಹೆಚ್ಚೇನೂ ಸಿಗಲಿಲ್ಲ. ಆದರೆ ಆ ಮೀಟರ್ ಕೆಲಸ ಮಾಡೋದು ರೋಗಿ ಬಾಯಿ ಬಿಟ್ಟರೆ ಮಾತ್ರ. ಅಪ್ಪನಂಥ ‘ಗಟ್ಟಿ’ ಮನುಷ್ಯ ತಡ್ಕೊಂಡು ಕೂತ್ರೆ, ಡಾಕ್ಟರ ಕೈಯಲ್ಲಿದ್ದ ಅತ್ಯಂತ ಒಳ್ಳೇ ಉಪಕರಣವನ್ನ ಅವನೇ ಬಂದ್ ಮಾಡಿದ ಹಾಗೆ. ಶೌರ್ಯ ಅಂತ ನಾವು ಕರೆದದ್ದು ಆ ಕೋಣೆಯಲ್ಲಿ ಎಲ್ಲರ ಕಣ್ಣು ಕಟ್ಟಿತ್ತು.

ಹಾಗಂತ ತಡ್ಕೊಳ್ಳೋದೇ ತಪ್ಪು ಅನ್ನೋಕೆ ನಾನು ತಯಾರಿಲ್ಲ. ಈಗಿನ ಫ್ಯಾಷನ್ ಅದು, ಎಲ್ಲವನ್ನೂ ಹೇಳಿಬಿಡು, ಒಳಗಿಟ್ಟುಕೋಬೇಡ. ಮರಗಟ್ಟೋ ಇಂಜೆಕ್ಷನ್ ಚುಚ್ಚಿದಾಗ ಅಪ್ಪ ಅಳ್ಳಾಡದೆ ಕೂತಿದ್ದು ಬೇಕೇ ಬೇಕಿತ್ತು. ಸೂಜಿ ಒಳಗಿದ್ದಾಗ ಕೆಮ್ಮನ್ನು ಅರ್ಧ ನಿಮಿಷ ತಡೆದು, ಹೊರಗೆ ತೆಗೆಯೋಕೆ ಟೈಮ್ ಕೊಡೋದೂ ಅವನ ಶ್ವಾಸಕೋಶವನ್ನೇ ಉಳಿಸುತ್ತೆ. ಸಹನೆ ಇಲ್ಲದೆ ಯಾವ ಚಿಕಿತ್ಸೆಯೂ ನಡೆಯಲ್ಲ.

ಯೋಚಿಸ್ತಾ ಯೋಚಿಸ್ತಾ ನಾನು ಬಂದು ನಿಂತಿದ್ದು ಇಲ್ಲಿ: ನೋವನ್ನು ತಡ್ಕೊಳ್ಳೋದು ಬೇರೆ, ಸುದ್ದಿಯನ್ನು ತಡೆಯೋದು ಬೇರೆ. ನೋವು ನಮ್ಮದು. ತಾಳೋದು ಬಿಡೋದು ನಮ್ಮ ಗುಣಕ್ಕೆ, ಶಕ್ತಿಗೆ ಬಿಟ್ಟಿದ್ದು. ಆದರೆ ಆ ನೋವು ಹೊತ್ತು ತರೋ ಸುದ್ದಿ ನಮ್ಮೊಬ್ಬರದ್ದೇ ಅಲ್ಲ. ಅದರ ಮೇಲೆ ಏನಾದ್ರೂ ಮಾಡಬಲ್ಲ ಇನ್ನೊಬ್ಬರು ಇದ್ದಾಗ, ಅದು ಅವರಿಗೆ ತಲುಪಬೇಕಾದ ಕಾಗದ. ಅಪ್ಪ ನೋವನ್ನು ತಾಳಲಿ, ಅದು ಅವನ ದೊಡ್ಡತನ. ಕಾಗದವನ್ನು ಮಾತ್ರ ಜೇಬಲ್ಲಿಟ್ಟುಕೊಂಡು ಕೂರಬಾರದಿತ್ತು. ಕೆಂಪು ಕೊಳೆ ಬಂದ ಕಬ್ಬನ್ನು ಅವತ್ತೇ ಕೇಂದ್ರಕ್ಕೆ ಒಯ್ಯೋ ಮನುಷ್ಯನಿಗೆ ಈ ಭೇದ ಗೊತ್ತಿಲ್ಲ ಅಂತಲ್ಲ. ಕಬ್ಬಿಗೆ ರೋಗ ಬಂದ್ರೆ ಯಾರೂ ರೈತನ ಧೈರ್ಯ ಕಡಿಮೆಯಾಯ್ತು ಅನ್ನಲ್ಲ. ಅವನಿಗೇ ಕೆಮ್ಮು ಬಂದ್ರೆ ಅಂತಾರೆ ಅನ್ನೋ ಭಯ.

ಅದಕ್ಕೇ ಈ ಜವಾಬ್ದಾರಿಯ ಅರ್ಧಕ್ಕಿಂತ ಹೆಚ್ಚು ಭಾಗ ಕೇಳಿಸಿಕೊಳ್ಳೋರ ಮೇಲಿದೆ. ‘ಹೇಳು’ ಅಂದ್ರೆ ಸಾಲದು. ಹೇಳಿದ್ರೆ ಕೆಲಸ ನಿಲ್ಲಿಸ್ತೀನಿ, ನಿಲ್ಲಿಸಿದ್ದಕ್ಕೆ ನಿನ್ನನ್ನು ಹಗುರ ಮಾಡಲ್ಲ ಅನ್ನೋ ಭರವಸೆ ಜೊತೆಗೆ ಬರಬೇಕು. ‘ಗಟ್ಟಿ ಅದಾರ’ ಅನ್ನೋ ಹೊಗಳಿಕೆ ಪ್ರೀತಿಯಿಂದ ಬಂದದ್ದು, ಆದರೆ ಅದು ಬಂದ ಮೇಲೆ ಅಪ್ಪನಿಗೆ ಬಾಯಿ ಬಿಡೋದು ಇನ್ನೂ ಕಷ್ಟ ಆಯ್ತು.

ಇದೇ ಹೊತ್ತಿಗೆ ನಮ್ಮ ಜಿಲ್ಲೆಯ ಇನ್ನೊಬ್ಬರ ಶ್ವಾಸಕೋಶ ನೆನಪಾಗುತ್ತೆ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೋಮಕಲಿಮಠ, ಅಂದ್ರೆ ಕುಮಾರ ಗಂಧರ್ವ. ಇಪ್ಪತ್ತರ ಹರೆಯದಲ್ಲೇ ದೊಡ್ಡ ಹೆಸರು ಮಾಡಿದ್ದ ಅವರಿಗೆ ಕ್ಷಯ ಬಂತು. 1948ರಲ್ಲಿ ಒಣ ಹವೆಗಾಗಿ ಮಧ್ಯಪ್ರದೇಶದ ದೇವಾಸ್‌ಗೆ ಹೋಗಿ ಮಲಗಿದ್ರು. ಹಾಡಬೇಡಿ ಅಂದ್ರು ಡಾಕ್ಟರು. ವರ್ಷಗಟ್ಟಲೆ ಹಾಡಲಿಲ್ಲ, ಮಲಗಿದಲ್ಲೇ ಹೊರಗಿನ ಹಕ್ಕಿ, ಗಾಳಿ, ದಾರಿಹೋಕರ ಹಾಡು ಕೇಳ್ತಿದ್ರು. ಆಗ ಹೊಸದಾಗಿ ಬಂದ ಸ್ಟ್ರೆಪ್ಟೊಮೈಸಿನ್ ಅವರನ್ನು ಉಳಿಸಿತು, ಆದರೆ ಒಂದು ಶ್ವಾಸಕೋಶ ಹೆಚ್ಚೂ ಕಡಿಮೆ ಕೆಲಸಕ್ಕೆ ಬಾರದಂತಾಯ್ತು. 1953ರಲ್ಲಿ ಮತ್ತೆ ಹಾಡೋಕೆ ಕೂತಾಗ, ಉಸಿರಿನ ಕೊರತೆಯನ್ನು ಮುಚ್ಚಿಡಲಿಲ್ಲ. ಇರೋ ಉಸಿರಿಗೆ ತಕ್ಕ ಹಾಗೆ ಚಿಕ್ಕ ಚಿಕ್ಕ, ಚೂಪಾದ ತುಣುಕುಗಳಲ್ಲಿ ಹಾಡಿದ್ರು. ಅದೇ ಅವರ ಶೈಲಿ ಅಂತ ಹೆಸರಾಯ್ತು. ಅವರ ಸಹನೆ ಅಪ್ಪನದ್ದಕ್ಕಿಂತ ಕಡಿಮೆ ಅಲ್ಲ. ಆದರೆ ಶ್ವಾಸಕೋಶ ಏನು ಹೇಳ್ತಿದೆ ಅನ್ನೋದನ್ನ ಕೇಳಿಸಿಕೊಂಡ ಸಹನೆ ಅದು. ತಾಳೋದಕ್ಕೂ ಕೇಳೋದಕ್ಕೂ ಜಗಳ ಇರಲೇಬೇಕಿಲ್ಲ ಅಂತ ನನಗೆ ತೋರಿಸಿದ್ದು ಅವರ ಕಥೆ.

ಅಪ್ಪನ ನೀರಿನ ಪರೀಕ್ಷೆಯಲ್ಲೂ ಅದೇ ಬಂತು, ಕ್ಷಯ. ಈಗ ಅದು ಆರು ತಿಂಗಳ ಗುಳಿಗೆಯ ರೋಗ, ಸರ್ಕಾರವೇ ಉಚಿತವಾಗಿ ಕೊಡುತ್ತೆ. ಊಟಕ್ಕೆ ಅಂತ ತಿಂಗಳಿಗೆ ಕೊಡ್ತಿದ್ದ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1000 ಮಾಡಿದ್ದಾರೆ. ಎಂಟು ದಿನ ಬಿಟ್ಟು ಇನ್ನೊಂದು ಸಲ ನೀರು ತೆಗೆಯಬೇಕಾಯ್ತು. ಈ ಸಲ ಒಳಗೆ ಹೋಗೋ ಮುಂಚೆಯೇ ಅಪ್ಪನ ಜೊತೆ ಒಪ್ಪಂದ ಮಾಡ್ಕೊಂಡೆ. “ಮಾತಾಡಬ್ಯಾಡ. ಕೆಮ್ಮು ಬರೋ ಹಂಗ ಆದ್ರ ಎಡಗೈ ಬಳ್ಳ ಎತ್ತು. ಎತ್ತಿದ ಕೂಡಲೇ ನಿಲ್ಲಸ್ತಾರ.” ಅಪ್ಪ ಕೇಳಿದ: “ಅರ್ಧಕ್ಕ ನಿಲ್ಲಿಸಿದ್ರ ಅವರಿಗೆ ತ್ರಾಸ ಅಲ್ಲೇನೋ?” ಅಲ್ಲಿತ್ತು ನೋಡಿ ಎಲ್ಲ. ತನ್ನ ಎದೆಯಲ್ಲಿ ಸೂಜಿ ಇದ್ದಾಗಲೂ ಡಾಕ್ಟರಿಗೆ ತ್ರಾಸ ಆಗಬಾರದು. ಡಾಕ್ಟರೇ ಹೇಳಿದ್ರು, “ನೀವು ಬಳ್ಳ ಎತ್ತಿದ್ರ ನನಗ ಉಪಕಾರ ಆಗ್ತೈತ್ರಿ ಕಾಕಾರ.” ಏಳುನೂರಕ್ಕೆ ಬೆರಳು ಎದ್ದಿತು. ನಿಲ್ಲಿಸಿದ್ರು. ಕೆಮ್ಮಿದ. ಅಷ್ಟೇ. ಯಾರೂ ಗಟ್ಟಿ ಅನ್ನಲಿಲ್ಲ.

ಊರಿಗೆ ಬಂದ ಮೇಲೆ ಇನ್ನೊಂದು ಪ್ರಶ್ನೆ ಎದ್ದಿತು. ಟಿ.ಬಿ. ಅಂತ ಯಾರಿಗೆ ಹೇಳೋದು? ಅವ್ವ “ಎದ್ಯಾಗ ನೀರ ತುಂಬಿತ್ತು ಅಂದ್ರ ಸಾಕು” ಅಂದಳು. ಸುದ್ದಿ ತಡೆಯಬಾರದು ಅಂತ ಆಗಷ್ಟೇ ಕಲಿತ ನಾನು ವಾದಕ್ಕಿಳಿದೆ. ಅಪ್ಪ ಒಂದೇ ಮಾತಲ್ಲಿ ಬಗೆಹರಿಸಿದ. “ಕಟ್ಟಿ ಮ್ಯಾಲ ಕುಂತಾವರಿಗೆ ಯಾಕ ಬೇಕೋ? ಅಕ್ಕಗ ಹೇಳಬೇಕು. ಆಕಿ ಕೂಸು ನನ್ನ ಮಗ್ಗಲದಾಗ ಮಲಗತಿತ್ತು.” ಅವತ್ತೇ ಅಕ್ಕನಿಗೆ ತಾನೇ ಫೋನ್ ಮಾಡಿದ. ಮನೆಯವರೆಲ್ಲರ ತಪಾಸಣೆ ಆಯ್ತು, ಕೂಸಿನದ್ದೂ ಸೇರಿ. ಯಾರಿಗೂ ಏನಿರಲಿಲ್ಲ. ಸುದ್ದಿ ಯಾರಿಗೆ ಸೇರಬೇಕು ಅನ್ನೋದು ನಾನು ಓದಿದ್ದಕ್ಕಿಂತ ಅವನಿಗೆ ಚೆನ್ನಾಗಿ ತಿಳಿದಿತ್ತು.

ಈಗ ನನ್ನ ಸರದಿ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ನನ್ನ ತಲೆ ಮೇಲೂ ಒಂದು ಕತ್ತಿ ತೂಗ್ತಿತ್ತು. ನಮ್ಮ ಟೀಮನ್ನೇ ಮುಚ್ಚೋ ಮಾತು ನಡೆದಿತ್ತು. ಹೋಮ್ ಲೋನ್ ತಗೊಂಡು ಒಂದೂವರೆ ವರ್ಷ. ಪ್ರತಿ ಸಲ ಅಪ್ಪ “ಕೆಲಸ ಹೆಂಗೈತೋ?” ಅಂತ ಕೇಳಿದಾಗ “ಆರಾಮೈತಿ” ಅಂತಿದ್ದೆ. ಅದೂ ತಲೆ ಆಡಿಸೋದೇ. ಅವನಿಗೆ ಹೇಳಿ ಏನು ಪ್ರಯೋಜನ, ಕಾಯಿಲೆ ಮನುಷ್ಯ, ಸುಮ್ಮನೆ ಚಿಂತೆ ಅಂತ ನನ್ನ ವಾದ. ಅವನೂ ಎರಡೂವರೆ ತಿಂಗಳು ಅದೇ ವಾದ ಮಾಡ್ಕೊಂಡಿದ್ದ: ದೂರ ಇರೋ ಹುಡುಗ, ಸುಮ್ಮನೆ ಚಿಂತೆ. ಒಂದೇ ಮನೆಯ ಇಬ್ಬರು ಗಂಡಸರು, ಒಬ್ಬರನ್ನೊಬ್ಬರು ಕಾಪಾಡೋಕೆ ಹೋಗಿ ಇಬ್ಬರೂ ಕತ್ತಲಲ್ಲಿ.

ಗುಳಿಗೆ ಶುರುವಾಗಿ ಮೂರನೇ ತಿಂಗಳು ಹೇಳಿಬಿಟ್ಟೆ. ಫೋನಲ್ಲಿ ಸ್ವಲ್ಪ ಹೊತ್ತು ಮೌನ. ಆಮೇಲೆ ಅಪ್ಪ ಕೆಮ್ಮಿದ, ಫೋನ್ ದೂರ ಹಿಡಿಯದೆ. “ಕಾರ್ಖಾನಿಯವರು ಕಬ್ಬಿನ ಬಿಲ್ ಇನ್ನೂ ಹಾಕಿಲ್ಲೋ ತಮ್ಮಾ. ನಿನಗ ಹೇಳಿರಲಿಲ್ಲ” ಅಂದ. ನಾನು ನಕ್ಕೆ. ಅವನೂ ನಕ್ಕ. ಅವತ್ತು ಇಬ್ಬರೂ ಸೇರಿ ಲೆಕ್ಕ ಹಾಕಿದ್ವಿ: ಇ.ಎಂ.ಐ. ಎಷ್ಟು, ಸೊಸೈಟಿ ಸಾಲ ಎಷ್ಟು, ಯಾವುದು ಮೊದಲು ಕಟ್ಟೋದು. ಲೆಕ್ಕ ಚೆನ್ನಾಗೇನೂ ಕಾಣಲಿಲ್ಲ. ಆದರೆ ಪೂರ್ತಿ ಕಾಣ್ತು.

ಕೆಲಸ ಇನ್ನೂ ಇದೆ, ಎಷ್ಟು ದಿನವೋ. ಅಪ್ಪನ ಗುಳಿಗೆ ಮುಗಿದವು. ಈಗ ಫೋನಲ್ಲಿ ಅವನನ್ನು ‘ಆರಾಮ ಅದಿಯಾ’ ಅಂತ ಕೇಳೋದು ಬಿಟ್ಟಿದ್ದೀನಿ. ‘ಮೆಟ್ಟಲಾ ಹತ್ತುವಾಗ ದಮ್ಮ ಬರ್ತೈತಿ? ರಾತ್ರಿ ಎಷ್ಟ ಸಲ ಎದ್ದಿ?’ ಅಂತ ಕೇಳ್ತೀನಿ. ಅವನೂ ಈಗ ‘ಕೆಲಸ ಹೆಂಗೈತಿ’ ಅನ್ನಲ್ಲ. “ಈ ವಾರ ಯಾರ್ನರ ತಗದ್ರ ಏನೋ?” ಅಂತ ನೇರವಾಗೇ ಕೇಳ್ತಾನೆ.